ಹ್ಯಾವ್‌ಲಾಕ್ ದ್ವೀಪಕ್ಕೆ ಕಟ್ಟಿದ ಬುತ್ತಿ

ಕನ್ನಡಿಗರು ಪ್ರವಾಸ ಹೊರಟರೆಂದರೆ ಊರಿನ ಮಾತಿಗಿಂತ ಮೊದಲು ಬುತ್ತಿಯ ಮಾತು ಬರುವುದು ವಾಡಿಕೆ. ತಿರುಪತಿಗೆ ಹೋಗುವವರು ಪುಳಿಯೋಗರೆ ಕಟ್ಟುತ್ತಾರೆ, ಪಂಢರಪುರಕ್ಕೆ ಹೋಗುವವರು ದಪಾಟಿ ಕಟ್ಟುತ್ತಾರೆ. ಕಾಶಿಗೆ ಹೊರಟವರಂತೂ ಅರ್ಧ ಅಡಿಗೆಮನೆಯನ್ನೇ ಬೆನ್ನಿಗೆ ಹಾಕಿಕೊಳ್ಳುತ್ತಾರೆ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಇಳಿದು, ಮೀನುಗಳ ಮನೆ ನೋಡಿ ಬರಲು ಹೊರಟವರು ಏನು ಕಟ್ಟಬೇಕೆಂಬುದನ್ನು ನಮ್ಮ ಹಿರಿಯರು ಯಾರೂ ಹೇಳಿಟ್ಟಿಲ್ಲ. ಕಳೆದ ದಸರೆಯ ರಜೆಯಲ್ಲಿ ನಾವು ಎರಡು ಸಂಸಾರದವರು, ಒಟ್ಟು ಎಂಟು ಮಂದಿ, ಹೈದರಾಬಾದಿನಿಂದ ಅಂಡಮಾನಿನ ಹ್ಯಾವ್‌ಲಾಕಿಗೆ ಹೋಗಿ ಬಂದೆವು. ಅಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಅಡಿಗೆ ನಾವೇ ಮಾಡಿಕೊಂಡೆವು. ಹೋಗಿ ಬಂದಮೇಲೆ ನಮ್ಮ ಸಂಘದ ಬಂಧುಗಳು ಅನೇಕರು ಕೇಳಿದ ಪ್ರಶ್ನೆ ಹವಳದ ವಿಷಯವಲ್ಲ. 'ಊಟಕ್ಕೆ ಏನು ಮಾಡಿದಿರಿ?' ಎಂಬುದೇ. ಆ ಪ್ರಶ್ನೆಗೆ ಇಲ್ಲಿ ಸಾವಕಾಶವಾಗಿ ಉತ್ತರ ಹೇಳುತ್ತೇವೆ.

ಮುಳುಗುವುದಕ್ಕೆ ಅಷ್ಟು ದೂರ ಏಕೆ ಹೋಗಬೇಕು, ನಮ್ಮದೇ ನೇತ್ರಾಣಿ ಇಲ್ಲವೇ ಎಂದು ಕೇಳುವವರೂ ಇದ್ದಾರೆ. ಇದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ಆ ದ್ವೀಪದ ಸುತ್ತಲಿನ ನೀರು ಬಹಳ ಚೆಲುವು. ಆದರೆ ಅಲ್ಲಿ ಮನುಷ್ಯರ ವಾಸವಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಮುಳುಗಿ ಎದ್ದು ಮಧ್ಯಾಹ್ನಕ್ಕೆ ದಡ ಸೇರಬೇಕು. ಹಿರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಒಂದು ವಾರ ದ್ವೀಪವಾಸ ಮಾಡಬೇಕೆಂಬ ನಮ್ಮ ಆಸೆಗೆ ಅದು ಒದಗದು. ಹೈದರಾಬಾದಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆಯೊಳಗೆ ಪೋರ್ಟ್ ಬ್ಲೇರ್ ಮುಟ್ಟಬಹುದು. 2024ರ ಸೆಪ್ಟೆಂಬರಿನಿಂದ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಾಗಿದೆ. ಹ್ಯಾವ್‌ಲಾಕಿಗೂ 2018ರಲ್ಲಿಯೇ ಸ್ವರಾಜ್ ದ್ವೀಪ ಎಂದು ನಾಮಕರಣವಾಗಿದೆ. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇನ್ನೂ ಓಡಾಡುತ್ತಿರುವುದರಿಂದ ನಾವೂ ಅವನ್ನೇ ಇಟ್ಟುಕೊಂಡಿದ್ದೇವೆ. ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕಿಗೆ ಸಮುದ್ರಮಾರ್ಗ ಸುಮಾರು 40 ಕಿಲೋಮೀಟರು. ಹಡಗಿನ ಜಾತಿಯನ್ನು ನೋಡಿಕೊಂಡು ಒಂದೂವರೆ ಗಂಟೆಯಿಂದ ಎರಡೂವರೆ ಗಂಟೆಯ ಪ್ರಯಾಣ.

ಹೊರಡುವ ಮುನ್ನ ನಮ್ಮ ಮನೆಯಲ್ಲಿ ನಡೆದ ಚರ್ಚೆಯೆಲ್ಲ ಅವ್ವನವರನ್ನು ಕುರಿತದ್ದು. ಅವ್ವನವರಿಗೆ ಎಪ್ಪತ್ತೆರಡು ವರ್ಷ. ಹುಟ್ಟಿದ್ದು ರಾಯಚೂರು ಜಿಲ್ಲೆ, ಸಂಸಾರ ಮಾಡಿದ್ದೆಲ್ಲ ಕಾಚಿಗುಡದ ಓಣಿಯಲ್ಲಿ. 1956ರ ನವೆಂಬರಿಗೆ ಮುಂಚೆ ರಾಯಚೂರು, ಗುಲ್ಬರ್ಗ, ಬೀದರಗಳೆಲ್ಲ ಹೈದರಾಬಾದಿಗೇ ಸೇರಿದ್ದವಷ್ಟೆ. ಆಗ ಇಲ್ಲಿಗೆ ಬಂದ ಹಿರಿಯರು ರಾಜ್ಯದ ಗಡಿ ಸರಿದಮೇಲೂ ತಮ್ಮ ಊಟವನ್ನು ಸರಿಸಲಿಲ್ಲ. ಅವ್ವನವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್, ಹೊತ್ತಿಗೆ ಸರಿಯಾಗಿ ಊಟ, ಊಟಕ್ಕೆ ಜೋಳದ ರೊಟ್ಟಿ. ಮೀನು, ಮೊಟ್ಟೆ ಮುಟ್ಟುವವರಲ್ಲ. ಬಂಧುಗಳೆಲ್ಲ ಒಂದೇ ಬಾಯಲ್ಲಿ, 'ಅವರನ್ನು ಮನೆಯಲ್ಲಿ ಬಿಡಿರಿ, ದ್ವೀಪದಲ್ಲಿ ಏನು ತಿಂದಾರು?' ಎಂದರು. ಒಬ್ಬರನ್ನೇ ಮನೆಯಲ್ಲಿ ಬಿಟ್ಟರೆ ನೋಡಿಕೊಳ್ಳುವವರು ಯಾರು? ಅವರು ಬಾರದಿದ್ದರೆ ನಮ್ಮಲ್ಲಿ ಇಬ್ಬರು ಉಳಿಯಬೇಕು. ಇಬ್ಬರು ಉಳಿದರೆ ಮಕ್ಕಳ ಉತ್ಸಾಹವೂ ಉಳಿಯುವುದಿಲ್ಲ. ಅಂತೂ ಇಡೀ ಪ್ರವಾಸವೇ ರೊಟ್ಟಿಯ ಮೇಲೆ ನಿಂತಿತು. ಅವ್ವನವರ ಅಭಿಪ್ರಾಯ ಕೇಳಿದಾಗ ಅವರು ಹೇಳಿದ್ದು ಇಷ್ಟೆ: 'ನೀರಾಗ ಮುಳುಗಲಿಕ್ಕ ವಿಮಾನ ಹತ್ತಬೇಕೇನು? ಆಗಲಿ, ಹತ್ತೋಣು. ರೊಟ್ಟಿ ನಾ ಬಡೀತೀನಿ.'

ಉತ್ತರ ಕರ್ನಾಟಕದ ಕಟಕ ರೊಟ್ಟಿಯ ಗುಣ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿದ್ದರೂ ಹಳೇ ಮೈಸೂರಿನ ಕಡೆಯಿಂದ ಬಂದ ಸದಸ್ಯರಿಗಾಗಿ ಎರಡು ಮಾತು. ಕುದಿಯುವ ನೀರು ಹಾಕಿ ಕಲಸಿದ ಜೋಳದ ಹಿಟ್ಟನ್ನು ಚೆನ್ನಾಗಿ ನಾದಿ, ಎಷ್ಟು ತೆಳ್ಳಗಾದೀತೋ ಅಷ್ಟು ತೆಳ್ಳಗೆ ಬಡಿದು, ಹಂಚಿನ ಮೇಲೆ ಹಾಕಿ ಮೇಲ್ಮೈಗೆ ನೀರು ಸವರಿ ಎರಡು ಮಗ್ಗುಲೂ ಬೇಯಿಸುವುದು. ಇದು ಬಿಸಿ ರೊಟ್ಟಿ. ಅದನ್ನು ಮತ್ತೆ ಸಣ್ಣ ಉರಿಯ ಮುಂದೆ ಆನಿಸಿ ನಿಲ್ಲಿಸಿ, ಒಳಗಿನ ಪಸೆಯೆಲ್ಲ ಆರಿ ಹಪ್ಪಳದಂತೆ ಸದ್ದು ಮಾಡುವವರೆಗೆ ಒಣಗಿಸಿದರೆ ಕಟಕ ರೊಟ್ಟಿ. ನೀರಿನಂಶ ಇಲ್ಲದ್ದರಿಂದ ಬೂಷ್ಟು ಹತ್ತುವುದಿಲ್ಲ, ವಾರಗಟ್ಟಲೆ ಇರುತ್ತದೆ. ಸಜ್ಜೆಯ ಹಿಟ್ಟಿಗೆ ಎಳ್ಳು ಹಚ್ಚಿ ಮಾಡಿದ್ದೂ ಹಾಗೆಯೇ. ಹೊಲಕ್ಕೆ ಹೋಗುವ ರೈತ, ಜಾತ್ರೆಗೆ ನಡೆದು ಹೋಗುವ ಭಕ್ತ ಇಬ್ಬರಿಗೂ ಅದು ಒದಗಿದ್ದು ಒಲೆಯ ಹಂಗಿಲ್ಲ ಎಂಬ ಕಾರಣಕ್ಕೆ. ಮಜ್ಜಿಗೆಯಲ್ಲಿ ಮುರಿದು ಹಾಕಿದರೆ ಊಟ, ಎಣ್ಣೆ-ಚಟ್ನಿಪುಡಿ ಸವರಿದರೆ ತಿಂಡಿ. ಅವ್ವನವರೂ ನಮ್ಮ ಮನೆಯ ಇನ್ನಿಬ್ಬರು ಹೆಂಗಸರೂ ಕೂಡಿ ಎರಡು ದಿನದಲ್ಲಿ 120 ರೊಟ್ಟಿ ಬಡಿದರು. ತೂಕ ಐದು ಕಿಲೋ ಆಯಿತು.

ಉಳಿದ ಸಾಮಾನಿಗೆ ಬೇಗಂ ಬಜಾರಿಗೆ ಹೋದೆವು. ಮೂಸಿ ನದಿಯ ಪಕ್ಕದ ಆ ಹಳೆಯ ಪೇಟೆಯಲ್ಲಿ ಸಗಟು ವ್ಯಾಪಾರದವರ ನಡುವೆ ಕಾಲಿಡಲು ಸ್ಥಳವಿಲ್ಲದಿದ್ದರೂ, ಶೇಂಗಾ, ಖರ್ಜೂರ, ಒಣಮೆಣಸಿನಕಾಯಿ ಅಲ್ಲಿ ಸಿಗುವಂತೆ ಬೇರೆಲ್ಲಿಯೂ ಸಿಗುವುದಿಲ್ಲವೆಂಬುದು ನಮ್ಮ ಪಕ್ಷ. ತೊಗರಿಬೇಳೆ ಮಾತ್ರ ಕಲಬುರಗಿಯಿಂದ ಬಂದ ನೆಂಟರು ತಂದುಕೊಟ್ಟದ್ದು. 2019ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದಮೇಲೆ ಕಲಬುರಗಿಯವರು ಆ ಬೇಳೆಯನ್ನು ತಂದುಕೊಡುವಾಗ ತುಸು ಎದೆ ಉಬ್ಬಿಸಿಯೇ ಕೊಡುತ್ತಾರೆ. ಬೇಳೆ ಮೂರು ಕಿಲೋ, ಮಡಕಿಕಾಳು ಒಂದು, ತೆಳು ಅವಲಕ್ಕಿಯೂ ಗಟ್ಟಿ ಅವಲಕ್ಕಿಯೂ ಸೇರಿ ಮೂರು, ಹುರಿದ ರವೆ ಎರಡು, ಶೇಂಗಾ ಚಟ್ನಿಪುಡಿ ಒಂದು, ಗುರೆಳ್ಳಿನ ಪುಡಿ ಅರ್ಧ, ಮಕ್ಕಳಿಗೆ ನಲವತ್ತು ಶೇಂಗಾ ಹೋಳಿಗೆ, ಉಪ್ಪಿನಕಾಯಿ, ತುಪ್ಪ, ಖರ್ಜೂರ. ರೊಟ್ಟಿಯೂ ಸೇರಿ ಎಲ್ಲ ತೂಗಿದರೆ 20 ಕಿಲೋ. ವಿಮಾನದವರು ಸಾಮಾನಿನ ಕೋಣೆಗೆ ಆಳಿಗೆ 15 ಕಿಲೋ ಬಿಡುತ್ತಾರೆ. ಎಂಟು ಮಂದಿಯ ಲೆಕ್ಕದಲ್ಲಿ ಇದೇನೂ ಭಾರವಲ್ಲ. ಅಕ್ಕಿ, ಸಕ್ಕರೆ, ಎಣ್ಣೆ, ಗೋಧಿಹಿಟ್ಟು ಇವನ್ನು ಹೊತ್ತೊಯ್ಯುವುದು ಶುದ್ಧ ಅವಿವೇಕ. ಅವು ದ್ವೀಪದ ಸಣ್ಣ ಅಂಗಡಿಯಲ್ಲಿಯೂ ಇರುತ್ತವೆ.

ವಿಮಾನಕ್ಕೆ ಬುತ್ತಿ ಕಟ್ಟುವವರು ಒಂದು ಸಂಗತಿಯನ್ನು ತಪ್ಪದೆ ನೆನಪಿಡಬೇಕು. ಒಣಕೊಬ್ಬರಿಯನ್ನು ಕೈಚೀಲದಲ್ಲಿಯೂ ಒಯ್ಯುವಂತಿಲ್ಲ, ಸಾಮಾನಿನ ಪೆಟ್ಟಿಗೆಯಲ್ಲಿಯೂ ಒಯ್ಯುವಂತಿಲ್ಲ. ಕೊಬ್ಬರಿಯಲ್ಲಿ ಎಣ್ಣೆ ಬಹಳ; ಅದು ತಾನಾಗಿ ಕಾವೇರಿ ಬೆಂಕಿ ಹತ್ತಬಲ್ಲ ಪದಾರ್ಥಗಳ ಪಟ್ಟಿಯಲ್ಲಿದೆ. ಕೊಬ್ಬರಿಯಿಲ್ಲದೆ ಶುಭಕಾರ್ಯವಿಲ್ಲವೆನ್ನುವ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು, ಆದರೆ ನಿಯಮ ನಿಯಮವೇ. ಅವ್ವನವರ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಉಪ್ಪು ಸಾಕು, ಕೊಬ್ಬರಿ ಬೇಡ. ಬೆಂಕಿಪೆಟ್ಟಿಗೆ, ಸಣ್ಣ ಗ್ಯಾಸ್ ಒಲೆಯ ಡಬ್ಬಿ ಇವಕ್ಕೂ ಪ್ರವೇಶವಿಲ್ಲ. ಕುಕ್ಕರು, ಈಳಿಗೆ, ಚಾಕು ಪೆಟ್ಟಿಗೆಯೊಳಗೆ ಹೋಗಬಹುದು. ಪುಡಿಗಳನ್ನು ಕೈಚೀಲದಲ್ಲಿಟ್ಟರೆ ತಪಾಸಣೆಯವರಿಗೆ ಕೆಲಸ, ನಮಗೆ ವಿಳಂಬ. ಇನ್ಸುಲಿನ್ ಮಾತ್ರ ಇದಕ್ಕೆ ತದ್ವಿರುದ್ಧ: ಅದನ್ನು ಎಂದಿಗೂ ಕೆಳಗಿನ ಕೋಣೆಗೆ ಹಾಕಬಾರದು. ಹೆಪ್ಪುಗಟ್ಟಿದರೆ ಔಷಧದ ಸತ್ವ ಹೋಗುತ್ತದೆ. ಪೆಟ್ಟಿಗೆಯೇ ಬೇರೆ ಊರಿಗೆ ಹೋದರಂತೂ ಕೇಳುವುದೇ ಬೇಡ. ವೈದ್ಯರ ಚೀಟಿಯೊಂದಿಗೆ ಅದು ಅವ್ವನವರ ಕೈಚೀಲದಲ್ಲಿ, ಅವರ ಎಲೆ-ಅಡಿಕೆಯ ಸಂಚಿಯ ಪಕ್ಕದಲ್ಲಿ, ಪ್ರಯಾಣ ಮಾಡಿತು.

ಇನ್ನೊಂದು ವಿಷಯವನ್ನು ಅವ್ವನವರು ಮೊದಲೇ ಊಹಿಸಿದರು. ಹೈದರಾಬಾದಿನ ಒಣ ಹವೆಯಲ್ಲಿ ತಿಂಗಳಿರುವ ರೊಟ್ಟಿ ಸಮುದ್ರದ ಗಾಳಿಗೆ ಒಂದು ಸಂಜೆಯಲ್ಲಿ ಮೆತ್ತಗಾಗುತ್ತದೆ, ಮೂರು ದಿನಕ್ಕೆ ಹಸಿರು ಕಟ್ಟುತ್ತದೆ. ಆದ್ದರಿಂದ ಅವರು ಹತ್ತು ಹತ್ತು ರೊಟ್ಟಿಗಳ ಹನ್ನೆರಡು ಕಟ್ಟುಗಳನ್ನು ಮಾಡಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಗಾಳಿಯಾಡದ ಚೀಲದೊಳಗಿಟ್ಟು, ಎರಡು ದೊಡ್ಡ ಸ್ಟೀಲ್ ಡಬ್ಬಿಗಳಲ್ಲಿ ತುಂಬಿದರು. ಒಂದು ಕಟ್ಟು ಮುಗಿಯದೆ ಇನ್ನೊಂದನ್ನು ಬಿಚ್ಚಕೂಡದೆಂದು ಕಟ್ಟಪ್ಪಣೆ. ಸಮುದ್ರವನ್ನೇ ಕಾಣದ ರಾಯಚೂರಿನ ಹೆಣ್ಣುಮಗಳಿಗೆ ಇದು ಹೇಗೆ ಹೊಳೆಯಿತೆಂದು ಕೇಳಿದರೆ, 'ಮಳಿಗಾಲದಾಗ ಇಡೂದಿಲ್ಲೇನು?' ಎಂದರು.

ಪಂಚಮಿಯ ದಿನ ಪೋರ್ಟ್ ಬ್ಲೇರಿನಲ್ಲಿ ಇಳಿದೆವು. ಅಲ್ಲಿಯ ಅಬರ್ಡೀನ್ ಬಜಾರಿನಲ್ಲಿ ತಮಿಳು, ತೆಲುಗು, ಬಂಗಾಳಿ ಮಾತಾಡುವವರೆಲ್ಲ ಅಂಗಡಿ ಹಾಕಿದ್ದಾರೆ. ಎಲ್ಲರಿಗೂ ಕೂಡಿದ ಮಾತು ಹಿಂದಿ. ನಮ್ಮ ಹೈದರಾಬಾದಿ ತೆಲುಗಿಗೆ ಶ್ರೀಕಾಕುಳಂ ಕಡೆಯ ಅಂಗಡಿಯವರೊಬ್ಬರು ಕರಗಿ, ಕರಿಬೇವನ್ನು ಹಾಗೆಯೇ ಕೊಟ್ಟರು. ಅಲ್ಲಿ ಮೊಸರಿನ ಒಂದು ಪೊಟ್ಟಣ ಕೊಂಡೆವು. ಆ ಪೊಟ್ಟಣವೇ ಮುಂದೆ ವಾರವೆಲ್ಲ ಹೆಪ್ಪಿಗೆ ಒದಗಿತು. ದ್ವೀಪದಲ್ಲಿ ಸಿಗುವುದು ಹೆಚ್ಚಾಗಿ ಬಂಗಾಳಿಗಳ ಸಿಹಿಮೊಸರು, ಸಕ್ಕರೆ ಕಾಯಿಲೆಯವರಿಗೆ ಅದು ವರ್ಜ್ಯ. ಹಾಲಿನ ಪುಡಿಯನ್ನು ಬಿಸಿನೀರಿಗೆ ಕದಡಿ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು ಸಿದ್ಧ. ಇಷ್ಟೊಂದು ಸುಲಭದ ಉಪಾಯವನ್ನು ಬಿಟ್ಟು ಎಂಟು ಮಂದಿಗೆ ಮೂರು ಹೊತ್ತು ಹೋಟೆಲಿನಲ್ಲಿ ಹಣ ಸುರಿಯುವವರನ್ನು ಕಂಡರೆ ನಮಗೆ ಮರುಕ ಹುಟ್ಟುತ್ತದೆ.

ಷಷ್ಠಿಯಂದು ಹ್ಯಾವ್‌ಲಾಕ್. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಸಂಸಾರಗಳನ್ನು ಸರಕಾರ ಇಲ್ಲಿ ನೆಲೆಗೊಳಿಸಿತು. ಕಾಡು ಕಡಿದು ಗದ್ದೆ ಮಾಡಿದವರು ತಮ್ಮ ಹಳ್ಳಿಗಳಿಗೆ ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ, ರಾಧಾನಗರ, ವಿಜಯನಗರ ಎಂದು ಹೆಸರಿಟ್ಟುಕೊಂಡಿದ್ದಾರೆ. ವಿಜಯನಗರವೆಂಬ ಹೆಸರು ಕಂಡು ನಮ್ಮಲ್ಲಿ ಒಬ್ಬರಿಗೆ ಹಂಪೆಯ ನೆನಪಾಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪಕ್ಕದ ನೀಲ್ ದ್ವೀಪದ ಹಳ್ಳಿಗಳು ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಅಂಡಮಾನಿನ ತರಕಾರಿಯ ಬುಟ್ಟಿಯೆಂದು ನೀಲಿಗೆ ಹೆಸರು. ಹೀಗೆ ಕೃಷ್ಣನ ದ್ವೀಪಕ್ಕೆ ರಾಮನ ದ್ವೀಪದಿಂದ ಬದನೆಕಾಯಿ ಬರುತ್ತದೆ. ಉಳಿದದ್ದೆಲ್ಲ, ಆಲೂಗೆಡ್ಡೆ, ಈರುಳ್ಳಿ, ಬೇಳೆ, ಗ್ಯಾಸ್ ಸಿಲಿಂಡರು ಎಲ್ಲವೂ, ಚೆನ್ನೈ ಇಲ್ಲವೆ ಕೋಲ್ಕತ್ತದಿಂದ ಮೂರು ನಾಲ್ಕು ದಿನ ಹಡಗಿನಲ್ಲಿ ತೇಲಿ ಪೋರ್ಟ್ ಬ್ಲೇರಿಗೆ ಬಂದು, ಅಲ್ಲಿಂದ ಮತ್ತೆ ಸಣ್ಣ ಹಡಗು ಹತ್ತಿ ಇಲ್ಲಿಗೆ ಬರಬೇಕು. ಟೊಮೆಟೊ ಹಣ್ಣಿಗೆ ಬೆಲೆ ಹೆಚ್ಚೆಂದು ಅಂಗಡಿಯವನ ಸಂಗಡ ಜಗಳಾಡುವ ಮುನ್ನ ಅದು ನಮಗಿಂತ ಹೆಚ್ಚು ಪ್ರಯಾಣ ಮಾಡಿದೆಯೆಂಬುದನ್ನು ಮರೆಯಬಾರದು.

ನಮ್ಮ ಬಾಡಿಗೆ ಮನೆ ಗೋವಿಂದನಗರದ ಪೇಟೆಯ ಹಿಂಭಾಗದ ಅಡಿಕೆ ತೋಟದಲ್ಲಿತ್ತು. ಮನೆಯೊಡತಿಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಸಂಜೆ ಸಂತೆಗೆ ಹೋದಾಗ ನಮ್ಮ ಹೆಂಗಸರು ಕಂಡ ದೃಶ್ಯವನ್ನು ಅವರು ಇಂದಿಗೂ ಹೇಳಿಕೊಳ್ಳುತ್ತಾರೆ. ನೆಲದ ಮೇಲೆ ಗೋಣಿ ಹಾಸಿ ಮಾರುತ್ತಿದ್ದ ಮುದುಕಿಯ ಮುಂದೆ ದಪ್ಪ ಎಲೆಯ ಕಂತೆಗಳು. ಆಕೆ 'ಪುಈ ಶಾಕ್' ಎಂದಳು. ನೋಡಿದರೆ ನಮ್ಮ ಬಸಳೆ! ಪಕ್ಕದಲ್ಲಿ 'ಕೊಚು': ಕೆಸುವಿನ ಗೆಡ್ಡೆ. 'ಮೋಚಾ' ಎಂದರೆ ಬಾಳೆಹೂವು, 'ಥೋಡ್' ಎಂದರೆ ಬಾಳೆದಿಂಡು. 'ಮುಡಿ' ಎಂದು ದೊಡ್ಡ ಚೀಲದಲ್ಲಿ ತುಂಬಿಟ್ಟದ್ದು ಚುರುಮುರಿ. ಹೈದರಾಬಾದಿನಲ್ಲಿ ಬಾಳೆದಿಂಡಿಗಾಗಿ ಮೋಂಡಾ ಮಾರ್ಕೆಟ್ಟಿನವರೆಗೆ ಹೋಗುವ ನಮ್ಮ ಮಂಗಳೂರಿನ ಸೊಸೆಗೆ ಕಣ್ಣಲ್ಲಿ ನೀರು ಬಂತು. ತೆಂಗಿನಕಾಯಿಗೆ ದ್ವೀಪದಲ್ಲಿ ಬರವಿಲ್ಲವೆಂದು ಹೇಳಬೇಕಾಗಿಲ್ಲ; ಹೈದರಾಬಾದಿನಿಂದ ಕೊಬ್ಬರಿ ತರಲಾಗಲಿಲ್ಲವೆಂಬ ಕೊರಗು ಅಲ್ಲಿಗೆ ತೀರಿತು. ಆ ರಾತ್ರಿ ಬಸಳೆ-ತೊಗರಿಬೇಳೆಯ ಹುಳಿ, ಅನ್ನ, ರೊಟ್ಟಿ. ನಮ್ಮಲ್ಲಿ ಮೀನು ತಿನ್ನುವ ಮೂವರು ಬೇರೆ ಪಾತ್ರೆಯಲ್ಲಿ ಬೇರೆ ಒಲೆಯ ಮೇಲೆ ತಮ್ಮ ವ್ಯವಸ್ಥೆ ಮಾಡಿಕೊಂಡರು. ಮಾಡಿದವರೇ ಪಾತ್ರೆ ತಿಕ್ಕಬೇಕೆಂದು ಕರಾರಾಗಿದ್ದರಿಂದ ಶಾಂತಿಭಂಗವಾಗಲಿಲ್ಲ.

ಅಂಡಮಾನಿನ ಸೂರ್ಯ ನಮ್ಮ ಗಡಿಯಾರವನ್ನು ಲಕ್ಷಿಸುವವನಲ್ಲ. ದ್ವೀಪಗಳು ಬಹಳ ಪೂರ್ವಕ್ಕಿದ್ದರೂ ಗಡಿಯಾರ ಇಡೀ ಭಾರತದ್ದೇ ಆದುದರಿಂದ, ಅಕ್ಟೋಬರಿನಲ್ಲಿ ಬೆಳಿಗ್ಗೆ ಐದಕ್ಕೆ ಬೆಳಕು, ಸಂಜೆ ಐದೂವರೆಗೆ ಕತ್ತಲೆ. ಹೊಟ್ಟೆ ಸೂರ್ಯನನ್ನು ಅನುಸರಿಸುತ್ತದೆ, ಔಷಧ ಗಡಿಯಾರವನ್ನು ಅನುಸರಿಸುತ್ತದೆ. ಅವ್ವನವರಿಗೆ ಹನ್ನೊಂದಕ್ಕೇ ಹಸಿವೆಯಾಗತೊಡಗಿತು. ಊಟದ ಹೊತ್ತು ಸರಿದರೆ ಸೂಜಿಯ ಹೊತ್ತೂ ಎಷ್ಟು ಸರಿಯಬೇಕೆಂದು ಹೊರಡುವ ಮುನ್ನವೇ ವೈದ್ಯರಲ್ಲಿ ಬರೆಯಿಸಿಕೊಂಡು ಹೋಗಿದ್ದೆವು. ಹಿರಿಯರೊಂದಿಗೆ ಪೂರ್ವಕ್ಕೆ ಹೋಗುವವರು ಹಾಗೆ ಬರೆಯಿಸಿಕೊಳ್ಳುವುದು ಅವಶ್ಯ.

ಸಪ್ತಮಿಯ ಬೆಳಿಗ್ಗೆ ಮುಳುಗುವ ಕಾರ್ಯಕ್ರಮ. ಹತ್ತು ವರ್ಷ ತುಂಬಿದ ಮಕ್ಕಳಿಂದ ಹಿಡಿದು, ಕಿವಿ, ಹೃದಯ, ಶ್ವಾಸಕೋಶಗಳು ನೆಟ್ಟಗಿರುವ ಯಾರು ಬೇಕಾದರೂ ಶಿಕ್ಷಕರ ಕೈ ಹಿಡಿದು 12 ಮೀಟರಿನವರೆಗೆ ಇಳಿಯಬಹುದು. ಈಜು ಬಾರದವರೂ ಇಳಿಯುತ್ತಾರೆ. ಊಟಕ್ಕೂ ಇದಕ್ಕೂ ಇರುವ ನಂಟು ಬಹಳ. ಹತ್ತು ಮೀಟರು ಕೆಳಗಿಳಿದರೆ ದೇಹದ ಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಹೊಟ್ಟೆಯಲ್ಲಿದ್ದ ವಾಯು ಅರ್ಧಕ್ಕೆ ಕುಗ್ಗುತ್ತದೆ. ಕೆಳಗಿದ್ದಾಗ ನುಂಗಿದ ಗಾಳಿ ಮೇಲೇರುವಾಗ ಇಮ್ಮಡಿ ಹಿಗ್ಗುತ್ತದೆ. ಆದ್ದರಿಂದ ಹಿಂದಿನ ರಾತ್ರಿ ಮಡಕಿಕಾಳು, ಕಡಲೆ, ಸೋಡಾ ಇವುಗಳನ್ನು ದೂರವಿಡಬೇಕು. ಹಸಿದ ಹೊಟ್ಟೆಯೂ ಸಲ್ಲದು, ದೋಣಿಯ ತೂಗಾಟಕ್ಕೆ ಬರಿಯ ಹೊಟ್ಟೆಯೇ ಮೊದಲು ತೊಳಸುವುದು. ನೀರು ಧಾರಾಳವಾಗಿ ಕುಡಿದಿರಬೇಕು. ಬಾಯಾರಿದ ದೇಹಕ್ಕೆ ಆಳದ ಒತ್ತಡದಿಂದ ಬರುವ ತೊಂದರೆಯ ಭಯ ಹೆಚ್ಚು. ಎರಡು ಗಂಟೆ ಮುಂಚೆ ಅವ್ವನವರು ಒಬ್ಬೊಬ್ಬರಿಗೂ ಒಂದು ಬಟ್ಟಲು ಮೊಸರವಲಕ್ಕಿ, ಒಂದು ಬಾಳೆಹಣ್ಣು, ಬೆರಳುಗಾತ್ರ ಹಸಿಶುಂಠಿ ಕೊಟ್ಟರು. ಶಿಕ್ಷಕರು ಆ ಬಟ್ಟಲನ್ನು ನೋಡಿ ತಲೆದೂಗಿದರು. ನಮಗೂ ಅದರಲ್ಲಿ ಪಾಲು ಬೇಕೆಂಬ ಅರ್ಥವೂ ಆ ತೂಗಿನಲ್ಲಿತ್ತೆಂದು ನಮ್ಮ ಗುಮಾನಿ.

ನೀರೊಳಗಿನ ಸೊಬಗನ್ನು ಬಣ್ಣಿಸುವುದಕ್ಕೆ ಕವಿಗಳು ಬೇಕು. ನಮಗೆ ಕಂಡದ್ದು: ಹೂವಿನಂತೆ ಬಿರಿದ ಕಡಲ ಜೀವಿಯ ಬೆರಳುಗಳ ನಡುವೆ ಅಡಗಿ ಇಣಿಕುವ ಕಿತ್ತಲೆ ಬಣ್ಣದ ಮೀನಿನ ಜೋಡಿ, ಹವಳವನ್ನು ಕಟಕಟನೆ ಕಡಿಯುವ ಗಿಳಿಮೀನು. ಆ ಸದ್ದು ಕಟಕ ರೊಟ್ಟಿಯದೇ ಎಂದು ಹನ್ನೊಂದು ವರ್ಷದ ಹುಡುಗಿ ಮೇಲೆ ಬಂದು ವರದಿ ಒಪ್ಪಿಸಿದಳು. ಮೀನಿಗೆ ಹಾಕಲೆಂದು ಚುರುಮುರಿಯ ಪೊಟ್ಟಣವನ್ನು ಆಕೆ ತಂದಿದ್ದಳು, ಶಿಕ್ಷಕರು ತಡೆದರು. ಮನುಷ್ಯರ ತಿಂಡಿಗೆ ರುಚಿ ಹತ್ತಿದ ಮೀನು ಹವಳದ ಮೇಲಿನ ಪಾಚಿಯನ್ನು ಮೇಯುವುದನ್ನು ಬಿಡುತ್ತದೆ, ಪಾಚಿ ಬೆಳೆದು ಹವಳ ಸಾಯುತ್ತದೆ ಎಂಬುದು ಅವರ ವಿವರಣೆ. ಹುಡುಗಿ ಒಪ್ಪಿ ಚುರುಮುರಿಯನ್ನು ತಾನೇ ತಿಂದಳು. ಹವಳದ ತುಂಡನ್ನು ಹೆಕ್ಕಿ ತರುವುದೂ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಖಾಲಿಯಾದ ಡಬ್ಬಿಗಳಲ್ಲಿ ಅಂಥದ್ದೇನನ್ನೂ ತುಂಬಿಕೊಳ್ಳುವ ಆಲೋಚನೆ ಯಾರಿಗೂ ಬೇಡ.

ಅಷ್ಟಮಿಯ ಬೆಳಿಗ್ಗೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂಬತ್ತರ ವೇಳೆಗೆ ಬಂದರಿನಿಂದ ಸುದ್ದಿ ಬಂತು: ಸಮುದ್ರ ಕೆರಳಿದೆ, ಹಡಗುಗಳು ನಿಂತಿವೆ. ಮುಳುಗುವವರ ದೋಣಿಗಳನ್ನೂ ಮರಳಿನ ಮೇಲಕ್ಕೆ ಎಳೆದುಬಿಟ್ಟಿದ್ದರು. 2016ರ ಡಿಸೆಂಬರಿನಲ್ಲಿ ಹೀಗೆಯೇ ಚಂಡಮಾರುತದ ಹವೆಗೆ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆಯ ಹಡಗುಗಳು ಬಂದು ಕರೆದೊಯ್ಯಬೇಕಾಯಿತೆಂಬುದನ್ನು ನಾವು ಓದಿದ್ದೆವು. ಓದಿದ್ದು ಆ ಹೊತ್ತಿನಲ್ಲಿ ನೆನಪಾಗುವುದು ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆವು. ಪೇಟೆಗೆ ಓಡಿದರೆ ಮಧ್ಯಾಹ್ನದ ಹೊತ್ತಿಗೆ ಈರುಳ್ಳಿ, ಆಲೂಗೆಡ್ಡೆ, ಬ್ರೆಡ್ಡು, ಮೊಟ್ಟೆ ಖಾಲಿ. ಹೋಟೆಲುಗಳವರು ಮುಂಜಾನೆಯೇ ಬಂದು ಬಾಚಿಕೊಂಡು ಹೋಗಿದ್ದರು. ಕುಂಬಳಕಾಯಿ ಮತ್ತು ಬಾಳೆಕಾಯಿ ಮಾತ್ರ ಇದ್ದಲ್ಲಿಯೇ ಇದ್ದವು. ಅವು ಊರಿನವೇ, ಅವಕ್ಕೆ ಹಡಗು ಬೇಡ.

ನಾವು ಮನೆಗೆ ಬಂದು ಡಬ್ಬಿಗಳನ್ನು ತೆರೆದು ಲೆಕ್ಕ ಹಾಕಿದೆವು. ಏಳು ಕಟ್ಟು ರೊಟ್ಟಿ, ಎರಡು ಕಿಲೋ ಬೇಳೆ, ಅವಲಕ್ಕಿ ಎರಡು ಕಿಲೋ. ಎಂಟು ಮಂದಿಗೆ ನಾಲ್ಕು ದಿನ ಚಿಂತೆಯಿಲ್ಲ. ರೊಟ್ಟಿಯನ್ನು ಅವ್ವನವರಿಗೆ ಮೀಸಲಿಟ್ಟು ಮಿಕ್ಕವರು ಅನ್ನಕ್ಕೆ ತಿರುಗಿದೆವು. ಹಾಗೆ ತೀರ್ಮಾನಿಸಿದ್ದು ಅವರಿಗೆ ತಿಳಿಯಕೂಡದೆಂದು ಮಾಡಿದ ಹಂಚಿಕೆ ಐದು ನಿಮಿಷವೂ ನಡೆಯಲಿಲ್ಲ. 'ನನಗ ಒಬ್ಬಾಕೀಗೆ ಎಪ್ಪತ್ತು ರೊಟ್ಟಿ? ನಾ ಏನು ಭೀಮ ಏನು?' ಎಂದು ಅವರೇ ಎಲ್ಲರ ತಟ್ಟೆಗೂ ಒಂದೊಂದು ಹಾಕಿದರು.

ಅನ್ನದ ಚಿಂತೆ ಹೀಗೆ ಕಳೆದರೂ ಔಷಧದ ಚಿಂತೆ ಉಳಿಯಿತು. ಮಧ್ಯಾಹ್ನ ಮೂರಕ್ಕೆ ವಿದ್ಯುತ್ತು ಹೋಯಿತು. ಮರುದಿನ ಬೆಳಿಗ್ಗೆಯವರೆಗೆ ಬರಲಿಲ್ಲ. ತಣ್ಣನೆಯ ಪೆಟ್ಟಿಗೆ ಬೆಚ್ಚಗಾಗುತ್ತ ಬಂತು. ಬಳಕೆಯಲ್ಲಿರುವ ಇನ್ಸುಲಿನ್ ಸೀಸೆ ನೆರಳಿನಲ್ಲಿ 30 ಡಿಗ್ರಿಯ ಒಳಗೆ ಸುಮಾರು ನಾಲ್ಕು ವಾರ ಕೆಡುವುದಿಲ್ಲವೆಂದು ನಮಗೆ ಗೊತ್ತಿದ್ದರೂ, ತೆರೆಯದ ಎರಡು ಸೀಸೆಗಳ ಬಗೆಗೆ ಮನಸ್ಸು ಒಪ್ಪಲಿಲ್ಲ. ಕತ್ತಲಾಗುತ್ತಿರುವಾಗ ದೀದಿ ಒಂದು ಹಳೆಯ ಮಣ್ಣಿನ ಮಡಕೆಯನ್ನು ತಂದಿಟ್ಟರು. ಅದರಲ್ಲಿ ಕಾಲುಭಾಗ ನೀರು ತುಂಬಿ, ಸೀಸೆಗಳನ್ನು ಬಿಗಿಯಾದ ಸಣ್ಣ ಡಬ್ಬಿಯಲ್ಲಿಟ್ಟು ತೇಲಬಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಗಾಳಿ ಬೀಸುವ ಕಡೆ ಇಟ್ಟೆವು. ಮಡಕೆಯ ಮೈಯಿಂದ ನೀರು ಆರಿಹೋಗುತ್ತಿದ್ದಂತೆ ಒಳಗು ತಂಪಾಗುತ್ತದೆ. ತೇವದ ಹವೆಯಲ್ಲಿ ಆರುವುದು ನಿಧಾನವಾದರೂ ಬರಿಯ ಕೋಣೆಗಿಂತ ಮೇಲು. ರಾತ್ರಿಯೆಲ್ಲ ಯಾರಾದರೊಬ್ಬರು ಎದ್ದು ಆ ಬಟ್ಟೆಯನ್ನು ನೆನೆಸಿದೆವು. ಹೊರಗೆ ಅಡಿಕೆ ಮರಗಳು ಒಂದಕ್ಕೊಂದು ಬಡಿದಾಡುವ ಸದ್ದು. ಅವ್ವನವರು ಮಾತ್ರ ಗಡದ್ದಾಗಿ ನಿದ್ದೆ ಮಾಡಿದರು.

ಊರಿನ ದುರ್ಗಾಪೂಜೆಯ ಚಪ್ಪರಕ್ಕೆ ಗಾಳಿಯಿಂದ ಅಷ್ಟೇನೂ ಕೇಡಾಗಿರಲಿಲ್ಲ. ಹಡಗು ನಿಂತರೂ ದೇವಿಯ ನೈವೇದ್ಯ ನಿಲ್ಲಬಾರದಷ್ಟೆ. ನವಮಿಯ ಮಧ್ಯಾಹ್ನ ದೀದಿ ನಮ್ಮೆಲ್ಲರನ್ನೂ ಕರೆದುಕೊಂಡು ಹೋದರು. ಹುರಿದ ಹೆಸರುಬೇಳೆ, ಅಕ್ಕಿ, ತುಪ್ಪ, ಶುಂಠಿ ಹಾಕಿದ ಖಿಚುಡಿ, ಅದರೊಂದಿಗೆ ಕುಂಬಳ-ಬದನೆ-ಗೆಡ್ಡೆಗಳನ್ನು ಕಲಸಿ ಬೇಯಿಸಿದ ಪಲ್ಯ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಪ್ರಸಾದದ ಅಡಿಗೆ. ದಾರಿ ಕಾಣದೆ ಉಳಿದ ಪ್ರವಾಸಿಗರೆಲ್ಲ, ಪಂಜಾಬಿನವರು, ಗುಜರಾತಿನವರು, ಫ್ರಾನ್ಸಿನ ಒಂದು ಜೋಡಿ, ಎಲ್ಲರೂ ಪಂಕ್ತಿಯಲ್ಲಿದ್ದರು. ನಾವು ಬರಿಗೈಯಲ್ಲಿ ಹೋಗಬಾರದೆಂದು ಉಳಿದಿದ್ದ ಇಪ್ಪತ್ತು ಶೇಂಗಾ ಹೋಳಿಗೆಗಳನ್ನು ಒಯ್ದಿದ್ದೆವು. ಅವನ್ನು ನಾಲ್ಕು ತುಂಡು ಮಾಡಿ ಹಂಚಿದರು. ಅವ್ವನವರು ಖಿಚುಡಿಯನ್ನು ಪ್ರಸಾದವೆಂದು ಎರಡು ತುತ್ತು ಸ್ವೀಕರಿಸಿ, ಸೀರೆಯ ಮರೆಯಲ್ಲಿ ತಂದಿದ್ದ ರೊಟ್ಟಿಯನ್ನು ಮುರಿದು ಆ ಪಲ್ಯದೊಂದಿಗೆ ಉಂಡರು. ಪಕ್ಕದಲ್ಲಿ ಕುಳಿತ ದೀದಿ ಅದೇನೆಂದು ಕೇಳಿ ಒಂದು ಚೂರನ್ನು ಚಟ್ನಿಪುಡಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು, ಕೆಮ್ಮಿ, ಕಣ್ಣೊರಸಿಕೊಂಡು, ಮತ್ತೊಂದು ಚೂರಿಗೆ ಕೈ ಚಾಚಿದರು.

ದಶಮಿಯಂದು ಸಮುದ್ರ ತಣ್ಣಗಾಯಿತು. ಬೆಳಿಗ್ಗೆ ಮಕ್ಕಳು ಇನ್ನೊಮ್ಮೆ ಮುಳುಗಿ ಬಂದರು. ನೀರು ಕದಡಿದ್ದರಿಂದ ಹೆಚ್ಚೇನೂ ಕಾಣಲಿಲ್ಲವಂತೆ. ಏಕಾದಶಿಯ ಹಡಗಿನಲ್ಲಿ ಪೋರ್ಟ್ ಬ್ಲೇರ್, ದ್ವಾದಶಿಗೆ ವಿಮಾನ. ಮುಳುಗಿ ಎದ್ದವರು ಕಡಿಮೆಯೆಂದರೆ 18 ಗಂಟೆ ವಿಮಾನ ಹತ್ತಬಾರದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಬೇಕು. ಆತುರಪಟ್ಟು ಮೇಲೇರಿದರೆ ಅದು ಗುಳ್ಳೆಗಟ್ಟಿ ಕೀಲುಗಳಲ್ಲಿ ನೋವು, ಕೆಲವೊಮ್ಮೆ ಅದಕ್ಕಿಂತ ದೊಡ್ಡ ಅಪಾಯ. ಆದ್ದರಿಂದ ಕೊನೆಯ ದಿನಕ್ಕೆ ನೀರಿನ ಕಾರ್ಯಕ್ರಮ ಇಟ್ಟುಕೊಳ್ಳದೆ ಪೇಟೆ, ಸೆಲ್ಯುಲರ್ ಜೈಲು ಎಂದು ನೆಲದ ಮೇಲೆಯೇ ಕಳೆಯುವುದು ಕ್ಷೇಮ. ಹೈದರಾಬಾದಿಗೆ ಮರಳಿದಾಗ ಡಬ್ಬಿಯಲ್ಲಿ ಹನ್ನೊಂದು ರೊಟ್ಟಿ ಉಳಿದಿದ್ದವು, ಒಂದೂ ಕೆಟ್ಟಿರಲಿಲ್ಲ.

ದೀಪಾವಳಿಯ ಹಿಂದಿನ ವಾರ ಒಂದು ಕಿಲೋ ಶೇಂಗಾ ಚಟ್ನಿಪುಡಿಯನ್ನೂ ಇಪ್ಪತ್ತು ರೊಟ್ಟಿಗಳನ್ನೂ ತಗಡಿನ ಡಬ್ಬಿಯಲ್ಲಿಟ್ಟು ಬಟ್ಟೆ ಹೊಲಿದು ಅಂಚೆಯಲ್ಲಿ ದೀದಿಗೆ ಕಳಿಸಿದೆವು. ಮೂರು ವಾರದ ಮೇಲೆ ಅವರ ಫೋನು ಬಂತು. ರೊಟ್ಟಿ ಪುಡಿಯಾಗಿವೆ, ಆದರೂ ರುಚಿಯಾಗಿವೆ. ಚಟ್ನಿಯನ್ನು ಅನ್ನಕ್ಕೆ ಕಲಸಬೇಕೋ, ಮುಡಿಗೆ ಕಲಸಬೇಕೋ ಎಂದು ಕೇಳಿದರು. ನಾವು ಅವ್ವನವರನ್ನು ಕೇಳಿದೆವು. ಅವರು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚುತ್ತ, 'ಯಾವದಕ್ಕ ಆದರೂ ಕಲಸಿಕೋವಲ್ಲರ ಯಾಕ, ಮ್ಯಾಲೆ ಹಸಿ ಎಣ್ಣಿ ಹಾಕ್ಕೋ ಅಂತ ಹೇಳು' ಎಂದರು.